ನಾಲ್ಕು ಪೇಟೆಗಳ ಕಾಲೇಜುಗಳೂ ವಿಕಲಚೇತನ ವಿದ್ಯಾರ್ಥಿಗಳ ಸೌಕರ್ಯವೂ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯಲು ಕುಳಿತವರು ಶಂಕುಸ್ಥಾಪನೆಯ ದಿನ, ದಾನಿಗಳ ಹೆಸರು, ಪ್ರಾಂಶುಪಾಲರ ಪರಂಪರೆ, ಪರೀಕ್ಷೆಗಳಲ್ಲಿ ಗಳಿಸಿದ ರ‍್ಯಾಂಕುಗಳು ಇವೇ ಮೊದಲಾದ ಸಂಗತಿಗಳನ್ನು ಕ್ರಮವಾಗಿ ಜೋಡಿಸಿಕೊಂಡು ಹೋಗುವುದು ವಾಡಿಕೆ. ಆದರೆ ಆ ಸಂಸ್ಥೆಯ ಹೊಸ್ತಿಲವರೆಗೆ ಬರುವುದು ಯಾರಿಗೆ ಸಾಧ್ಯವಾಯಿತು, ಬಂದವರಲ್ಲಿ ಕಣ್ಣು ಕಾಣದವರು, ಕಿವಿ ಕೇಳದವರು, ಕಾಲು ಸ್ವಾಧೀನವಿಲ್ಲದವರು ಒಳಗೆ ಕುಳಿತು ಓದಿ, ಪರೀಕ್ಷೆ ಬರೆದು, ಪದವೀಧರರಾಗಿ ಹೊರಬರಲು ಏನೇನು ಏರ್ಪಾಡು ಬೇಕಾಯಿತು, ಅದನ್ನು ಯಾರು ಮಾಡಿದರು ಎಂಬುದು ಕಡತಗಳಲ್ಲಿ ಉಳಿಯುವುದು ಬಹು ವಿರಳ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಪೇಟೆಗಳ ಉಚ್ಚಶಿಕ್ಷಣದ ವೃತ್ತಾಂತವನ್ನು ಸ್ಮರಿಸುವ ಈ ಸಂಚಿಕೆಯಲ್ಲಿ ಆ ಭಾಗಕ್ಕೂ ಕೆಲವು ಪುಟಗಳು ಸಲ್ಲಬೇಕೆಂಬ ಆಶಯದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಈ ಭಾಗದ ವಿಕಲಚೇತನ ವಿದ್ಯಾರ್ಥಿಗಳ ಕಥೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಅದು ಮುಖ್ಯವಾಗಿ ದೂರದ ಕಥೆಯೆಂದು ನನಗೆ ತೋರಿದೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಇವು ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಹೆದ್ದಾರಿಯ ಮೇಲೆ ಕುಳಿತಿರುವ ಊರುಗಳು; ಚಿಂತಾಮಣಿಯಿಂದ ಇನ್ನೂ ಮುಂದೆ ಹೋಗಿ ಕೋಲಾರವನ್ನು ಸೇರಬಹುದು. ಕಚೇರಿಯ ಕೆಲಸವೆಲ್ಲ ಬಹುಕಾಲ ಕೋಲಾರದಲ್ಲಿ, ಓದು ಬೆಂಗಳೂರಿನಲ್ಲಿ, ಅಂಧರ ಮತ್ತು ಕಿವುಡರ ಶಾಲೆ ಮೈಸೂರಿನಲ್ಲಿ ಎಂಬ ಸ್ಥಿತಿಯಿದ್ದಾಗ, ನಾಲ್ಕು ಮೆಟ್ಟಿಲನ್ನು ಏರಲಾರದವನು ಸರ್ಕಾರದ ಒಂದು ಕಾಗದಕ್ಕಾಗಿ ಎಷ್ಟು ಹರದಾರಿ ಪ್ರಯಾಣಮಾಡಬೇಕಾಗಿದ್ದಿತು ಎಂಬ ಲೆಕ್ಕವೇ ಅವನ ವಿದ್ಯಾಭ್ಯಾಸದ ಗತಿಯನ್ನು ನಿರ್ಣಯಿಸುತ್ತಿದ್ದಿತು.

ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ತಾವು ಸ್ವತಃ ಓದಿಗಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಬೇಕಾಗಿ ಬಂದಿದ್ದ ಆ ಮಹನೀಯರ ಊರಿನ ಆಸುಪಾಸಿನ ಮಕ್ಕಳಿಗೆ ಆಮೇಲೆಯೂ ಎಷ್ಟೋ ಕಾಲ ಪದವಿ ಎಂದರೆ ಬೆಂಗಳೂರೇ ಆಗಿದ್ದಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಬಾಲ್ಯದಲ್ಲಿ ಓದುವ ಹಂಬಲದಿಂದ ಕಾಲ್ನಡಿಗೆಯಲ್ಲಿಯೇ ಬೆಂಗಳೂರನ್ನು ಸೇರಿದ ಸಂಗತಿ ನಮ್ಮ ಕಡೆಯ ಮನೆಮನೆಗೂ ತಿಳಿದದ್ದು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಅವರು 1972ರಿಂದ 1977ರವರೆಗೆ ಕುಲಪತಿಗಳಾಗಿದ್ದರು. ನ್ಯಾಷನಲ್ ಕಾಲೇಜನ್ನು ಗೌರಿಬಿದನೂರಿಗೂ ಬಾಗೇಪಲ್ಲಿಗೂ ತಂದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. ಅವರ ಆ ನಡಿಗೆಯ ಕಥೆಯನ್ನು ಸಭೆಗಳಲ್ಲಿ ಕೇಳಿದಾಗಲೆಲ್ಲ, ಅದೇ ಊರಿನಲ್ಲಿ ಅದೇ ಕಾಲದಲ್ಲಿ ಅಷ್ಟೇ ಮೇಧಾವಿಯಾಗಿದ್ದು ಕಾಲಿನಲ್ಲಿ ಮಾತ್ರ ಶಕ್ತಿಯಿಲ್ಲದಿದ್ದ ಬಾಲಕನೊಬ್ಬನಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಎದ್ದಿದೆ. ಕಾಲೇಜು ತಾಲ್ಲೂಕಿನ ಕೇಂದ್ರಕ್ಕೇ ಬಂದದ್ದು ಎಲ್ಲ ಬಡವರಿಗೂ ಉಪಕಾರವಾಯಿತು. ನಡೆಯಲಾರದವರಿಗಂತೂ ಅದಿಲ್ಲದೆ ಬೇರೆ ದಾರಿಯೇ ಇರಲಿಲ್ಲ. ನಮ್ಮ ಸೀಮೆಯಲ್ಲಿ ವಿಕಲಚೇತನರಿಗೆ ದೊರೆತ ಮೊದಲನೆಯ ಸೌಕರ್ಯ ಯಾವ ಕಾನೂನಿನಿಂದಲೂ ಬಂದದ್ದಲ್ಲ, ಸಮೀಪದಲ್ಲಿ ಒಂದು ಕಾಲೇಜು ತೆರೆದುದರಿಂದ ಬಂದದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಶಾಲೆಯ ಮಟ್ಟದಲ್ಲಿ ಪ್ರಯತ್ನಗಳು ಇನ್ನೂ ಮೊದಲೇ ಆರಂಭವಾಗಿದ್ದವು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ನಡೆಯತೊಡಗಿದ್ದಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಪಂಚಾಕ್ಷರಿ ಗವಾಯಿಗಳ ಕಾಲದಿಂದ ಅಂಧಬಾಲಕರಿಗೆ ಸಂಗೀತವಿದ್ಯೆಯನ್ನು ಅನ್ನದ ಜೊತೆಗೆ ಕೊಡುತ್ತ ಬಂದಿತು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ಲಿಪಿ ನಿರ್ಧಾರವಾದಮೇಲೆ ಕನ್ನಡವನ್ನು ಬೆರಳಿನಿಂದ ಓದುವುದಕ್ಕೆ ಒಂದು ನಿಯತವಾದ ಮಾರ್ಗವಾಯಿತು. ಬೆಂಗಳೂರಿನಲ್ಲಿ 1959ರಲ್ಲಿ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆಯನ್ನು ಕಟ್ಟಿದರು; 1969ರಲ್ಲಿ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಪ್ರಾರಂಭವಾಯಿತು. ಇಂತಹ ಶಾಲೆಗಳಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಊರಿಗೆ ಮರಳಿದ ಹುಡುಗ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗಬೇಕೆಂದು ಬಯಸಿದಾಗ, ಅವನು ಬರೆಯುತ್ತಿದ್ದ ಬ್ರೈಲನ್ನು ಓದಬಲ್ಲ ಅಧ್ಯಾಪಕರೊಬ್ಬರೂ ನಮ್ಮ ಪೇಟೆಯ ಕಾಲೇಜುಗಳಲ್ಲಿ ಇರುತ್ತಿರಲಿಲ್ಲ. ಪಠ್ಯಪುಸ್ತಕಗಳು ಅಚ್ಚಿನಲ್ಲಿ ಮಾತ್ರ. ಅರ್ಥಶಾಸ್ತ್ರ, ಇತಿಹಾಸಗಳ ಒಳ್ಳೆಯ ಗ್ರಂಥಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಮಾತ್ರ. ಮನೆಯಲ್ಲಿ ತಾಯಿತಂದೆಯರಾಡುವ ಮಾತು ಎಷ್ಟೋ ಕಡೆ ತೆಲುಗು. ಓದಿ ಹೇಳುವವರು ಸಿಕ್ಕರೆ ಓದು, ಇಲ್ಲವಾದರೆ ಇಲ್ಲ.

ಆ ಕಾಲದ ಸಹಾಯವೆಲ್ಲ ವ್ಯಕ್ತಿಗಳ ಸೌಜನ್ಯದಿಂದ ನಡೆದುದು. ಸಹಪಾಠಿಗಳು ಸಾಯಂಕಾಲ ಹಾಸ್ಟೆಲಿನ ಜಗಲಿಯಲ್ಲಿ ಕುಳಿತು ನೋಟ್ಸನ್ನು ಗಟ್ಟಿಯಾಗಿ ಓದುವರು, ಕಣ್ಣಿಲ್ಲದ ಗೆಳೆಯ ಕೇಳಿ ಮನನಮಾಡುವನು. ಕೆಳಗಿನ ಅಂತಸ್ತಿನಲ್ಲಿ ತರಗತಿಯನ್ನು ಇಡಿರೆಂದು ಪೋಲಿಯೋ ಆಗಿದ್ದ ಹುಡುಗಿಯ ಪರವಾಗಿ ಅಧ್ಯಾಪಕರೊಬ್ಬರು ಪ್ರಾಂಶುಪಾಲರಲ್ಲಿ ವಿನಂತಿಮಾಡುವರು, ಅವರು ಒಪ್ಪಿದರೆ ಆ ವರ್ಷಕ್ಕೆ ಅನುಕೂಲವಾಗುವುದು. ಈ ಸೌಜನ್ಯವನ್ನು ನಾನು ಲಘುವಾಗಿ ಕಾಣುವವನಲ್ಲ. ಅದರ ಬಲದಿಂದಲೇ ಕೆಲವರು ಮೇಷ್ಟರಾದರು, ಗುಮಾಸ್ತರಾದರು, ತಮ್ಮ ಕಾಲಮೇಲೆ ತಾವು ನಿಂತರು. ಆದರೆ ಆ ಅಧ್ಯಾಪಕರಿಗೆ ವರ್ಗವಾದೊಡನೆ ತರಗತಿ ಮರಳಿ ಮಹಡಿಯನ್ನೇರುತ್ತಿತ್ತು. ಹಾಗೆ ಏರಿದಾಗ ಆ ಹುಡುಗಿಗೆ ಕೇಳಲು ಯಾವ ಆಧಾರವೂ ಇರಲಿಲ್ಲ. ದಯೆಯಿಂದ ದೊರೆತದ್ದು ದಯಾಳು ಇರುವ ತನಕ ಮಾತ್ರ.

ಆಧಾರ ದೊರೆತುದು ವಿಕಲಚೇತನರನ್ನು ಕುರಿತ 1995ರ ಅಧಿನಿಯಮದಿಂದ. 1996ರ ಫೆಬ್ರುವರಿ 7ರಂದು ಜಾರಿಗೆ ಬಂದ ಆ ಶಾಸನದ 31ನೆಯ ಪ್ರಕರಣವು, ಅಂಧ ಮತ್ತು ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಲಿಪಿಕಾರರನ್ನು ಒದಗಿಸುವುದು ಎಲ್ಲ ವಿದ್ಯಾಸಂಸ್ಥೆಗಳ ಕರ್ತವ್ಯವೆಂದು ಸಾರಿತು. 39ನೆಯ ಪ್ರಕರಣವು ನೂರಕ್ಕೆ 3 ಸ್ಥಾನಗಳನ್ನು ಕಾಯ್ದಿರಿಸುವ ಮಾತನ್ನಾಡಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೂ ಒಂಬತ್ತನೆಯ ಯೋಜನೆಯಲ್ಲಿ ಇಂತಹ ವಿದ್ಯಾರ್ಥಿಗಳಿಗಾಗಿ ಕಾಲೇಜುಗಳಲ್ಲಿ ಸಹಾಯಕ ಘಟಕಗಳನ್ನು ತೆರೆಯಲು ಧನವಿತ್ತಿತು. ಆದರೆ ಶಾಸನದ ಫಲವನ್ನು ಪಡೆಯಲು ಮೊದಲು ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ ಬೇಕು. ಅದು ನೂರಕ್ಕೆ 40ಕ್ಕೆ ಕಡಮೆಯಿಲ್ಲದ ನ್ಯೂನತೆಯನ್ನು ನಮೂದಿಸಬೇಕು. ಮಂಡಳಿ ಸೇರುವುದು ಜಿಲ್ಲಾ ಆಸ್ಪತ್ರೆಯಲ್ಲಿ, ಎಂದರೆ ನಮ್ಮವರಿಗೆ ಆಗ ಕೋಲಾರದಲ್ಲಿ. ಗೌರಿಬಿದನೂರಿನ ಹಳ್ಳಿಯೊಂದರಿಂದ ಹೊರಟ ಕ್ಯಾಲಿಪರ್ ಕಟ್ಟಿದ ಹುಡುಗನು ತಂದೆಯ ಒಂದು ದಿನದ ಕೂಲಿಯನ್ನೂ ಕಳೆದು, ಬಸ್ಸಿನ ಎತ್ತರದ ಮೆಟ್ಟಿಲನ್ನು ಅವರ ಹೆಗಲ ಮೇಲೆ ಏರಿ, ದಾರಿಯುದ್ದಕ್ಕೂ ಬಸ್ಸು ಬದಲಿಸುತ್ತ ಕೋಲಾರಕ್ಕೆ ಹೋಗಿ, ಅಂದು ಮೂಳೆಯ ಡಾಕ್ಟರು ರಜೆಯೆಂದು ತಿಳಿದು ಹಿಂತಿರುಗುವುದು ಅಪೂರ್ವ ಸಂಗತಿಯಾಗಿರಲಿಲ್ಲ. ಆಗ ನಮ್ಮ ತರಗತಿಗಳಲ್ಲಿದ್ದ ಅಂಗವಿಕಲರಲ್ಲಿ ಪೋಲಿಯೋಪೀಡಿತರೇ ಎದ್ದು ಕಾಣುತ್ತಿದ್ದರು. ಲಸಿಕೆಯ ಕಾರ್ಯ ಫಲಿಸಿ 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾದ ಮೇಲೆ ಹೊಸ ತಲೆಮಾರಿನಲ್ಲಿ ಆ ದೃಶ್ಯ ಮರೆಯಾಗುತ್ತ ಬಂದಿದೆ. ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಮೂಳೆ ಬಿಗಿಯುವ ವ್ಯಾಧಿ ಮಾತ್ರ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಇನ್ನೂ ಬಿಟ್ಟಿಲ್ಲ.

2007 ನಮ್ಮ ಪಾಲಿಗೆ ಎರಡು ಕಾರಣಗಳಿಂದ ಸ್ಮರಣೀಯವಾದ ವರ್ಷ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾಯಿತು; ಅದೇ ವರ್ಷದ ಅಕ್ಟೋಬರ್ 1ರಂದು ಭಾರತವು ವಿಕಲಚೇತನರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಮೊದಲನೆಯದರಿಂದ ಗೌರಿಬಿದನೂರಿನ ಕಡೆಯವರಿಗೆ ಪ್ರಮಾಣಪತ್ರದ ದಾರಿ ಅರ್ಧಕ್ಕಿಂತ ಹೆಚ್ಚು ಕುಗ್ಗಿತು. ಎರಡನೆಯದರ ಪರಿಣಾಮ ನಿಧಾನವಾಗಿ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ರೂಪದಲ್ಲಿ ಬಂದಿತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಈ ಶಾಸನ ಏಳಾಗಿದ್ದ ನ್ಯೂನತೆಯ ವರ್ಗಗಳನ್ನು 21ಕ್ಕೆ ಏರಿಸಿತು, ಉಚ್ಚಶಿಕ್ಷಣದ ಸ್ಥಾನಗಳಲ್ಲಿ ನೂರಕ್ಕೆ 5ನ್ನು ಕಾಯ್ದಿರಿಸಿತು, ವಯೋಮಿತಿಯಲ್ಲಿ 5 ವರ್ಷಗಳ ವಿನಾಯಿತಿಯನ್ನು ಕೊಟ್ಟಿತು; ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬೊಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಸಂಸ್ಥೆ ತನ್ನ ಪದ್ಧತಿಯನ್ನು ಮಾರ್ಪಡಿಸಿಕೊಳ್ಳಬೇಕೆಂಬ ಯುಕ್ತ ಸೌಕರ್ಯದ ತತ್ತ್ವವನ್ನು ಸ್ಥಾಪಿಸಿ, ಅದನ್ನು ನಿರಾಕರಿಸುವುದು ಭೇದಭಾವವೆಂದು ಹೇಳಿತು. ಅಲ್ಲಿಯವರೆಗೆ ಕೋರಿಕೆಯಾಗಿದ್ದುದು ಅಂದಿನಿಂದ ಹಕ್ಕಾಯಿತು.

ಈ ಹಕ್ಕು ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡಬೇಕಾದರೆ ಪರೀಕ್ಷೆಯ ಕೊಠಡಿಗೆ ಹೋಗಬೇಕು. ಪರೀಕ್ಷಾಕಾರ್ಯದಲ್ಲಿ ಬಹುಕಾಲ ದುಡಿದವನಾದುದರಿಂದ ಅದನ್ನು ನಾನು ಚೆನ್ನಾಗಿ ಬಲ್ಲೆ. ಸ್ಕ್ರೈಬ್, ಎಂದರೆ ಲಿಪಿಕಾರರು, ಬೇಕಾದ ವಿದ್ಯಾರ್ಥಿಯು ಪ್ರಾಂಶುಪಾಲರಿಗೆ ಅರ್ಜಿ ಬರೆಯಬೇಕು. ಅದರೊಡನೆ ವಿಕಲಚೇತನರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡಿನ ಅಥವಾ ಪ್ರಮಾಣಪತ್ರದ ಜೆರಾಕ್ಸ್ ಪ್ರತಿ, ಸ್ಕ್ರೈಬಿನ ಭಾವಚಿತ್ರ ಮತ್ತು ವಿದ್ಯಾರ್ಹತೆಯ ದಾಖಲೆ, ಇಬ್ಬರ ಸಹಿಯಿರುವ ಮುಚ್ಚಳಿಕೆ. ಎಲ್ಲವೂ ಸರಿಯಿದ್ದರೆ ನೆಲ ಅಂತಸ್ತಿನಲ್ಲಿ ಪ್ರತ್ಯೇಕ ಕೊಠಡಿ, ಅದಕ್ಕೊಬ್ಬರು ಮೇಲ್ವಿಚಾರಕರು. ಸ್ಕ್ರೈಬಾಗಿ ಬಂದ ಹುಡುಗಿ ಪ್ರಶ್ನೆಯನ್ನು ಎರಡು ಸಲ ತಗ್ಗಿದ ಸ್ವರದಲ್ಲಿ ಓದುವಳು. ಅಭ್ಯರ್ಥಿಯು ಕಣ್ಣು ಮುಚ್ಚಿ, ಬೆರಳುಗಳನ್ನು ಮೇಜಿನ ಮೇಲೆ ಮೆಲ್ಲನೆ ಆಡಿಸುತ್ತ, ಉತ್ತರದ ಕ್ರಮವನ್ನೆಲ್ಲ ಮನಸ್ಸಿನಲ್ಲಿಯೇ ಹೊಂದಿಸಿಕೊಂಡು, ಬಳಿಕ ವಾಕ್ಯವಾಕ್ಯವಾಗಿ ಹೇಳುವನು. ‘ಕೇಂದ್ರಾಪಗಾಮಿ’ ಎಂಬಲ್ಲಿ ಅವಳ ಲೇಖನಿ ನಿಲ್ಲುವುದು. ಅವನು ಅಕ್ಷರಗಳನ್ನು ಬಿಡಿಸಿ ಹೇಳುವನು. ಅಷ್ಟರಲ್ಲಿ ಮುಂದಿನ ವಾಕ್ಯದ ಎಳೆ ಕಡಿಯುವುದು, ಅದನ್ನು ಹಿಡಿಯಲು ಬರೆದದ್ದನ್ನು ಮತ್ತೆ ಓದಿಸಿ ಕೇಳುವನು. ಹೊಡೆದುಹಾಕಿ ತಿದ್ದುವುದು, ಅಂಚಿನಲ್ಲಿ ಗುರುತು ಹಾಕಿಟ್ಟು ಆಮೇಲೆ ಹಿಂತಿರುಗುವುದು, ಕಣ್ಣುಳ್ಳವರು ಎಚ್ಚರವಿಲ್ಲದೆ ಮಾಡುವ ಇಂತಹ ಪ್ರತಿಯೊಂದು ಕ್ರಿಯೆಯನ್ನೂ ಅವನು ಇನ್ನೊಬ್ಬರ ಕೈಯಿಂದ ಮಾಡಿಸಬೇಕು. ಗಂಟೆಗೆ 20 ನಿಮಿಷಗಳಂತೆ ಕೊಡುವ ಪರಿಹಾರ ಕಾಲವನ್ನು ಕೆಲವು ಸಹೋದ್ಯೋಗಿಗಳು ರಿಯಾಯಿತಿಯೆಂದು ಭಾವಿಸಿದ್ದುಂಟು; ಆ ಕೊಠಡಿಯಲ್ಲಿ ಒಂದು ಮಧ್ಯಾಹ್ನ ಕುಳಿತವರು ಹಾಗೆ ಹೇಳಲಾರರು.

ಕೇಂದ್ರ ಸರ್ಕಾರದ 2013ರ ಫೆಬ್ರುವರಿ ತಿಂಗಳ ಮಾರ್ಗಸೂಚಿ ಈ ಕಾಲವನ್ನು ನಿಗದಿಮಾಡಿದ್ದಲ್ಲದೆ, ಸ್ಕ್ರೈಬಿನ ವಿದ್ಯಾರ್ಹತೆ, ವಯಸ್ಸು, ಅಂಕಗಳನ್ನು ಕುರಿತ ನಿರ್ಬಂಧಗಳನ್ನೆಲ್ಲ ತೆಗೆದುಹಾಕಬೇಕೆಂದಿತು. 2018ರ ಆಗಸ್ಟಿನ ಪರಿಷ್ಕೃತ ಮಾರ್ಗಸೂಚಿಯಾದರೋ, ವಿದ್ಯಾರ್ಥಿ ತಾನೇ ಕರೆತರುವ ಸ್ಕ್ರೈಬ್ ಅವನಿಗಿಂತ ಒಂದು ಹಂತ ಕೆಳಗಿನ ತರಗತಿಯವರಾಗಿರಬೇಕೆಂದು ವಿಧಿಸಿತು. ಅಕ್ರಮವನ್ನು ತಡೆಯುವ ಉದ್ದೇಶ ಇದರಲ್ಲಿರುವುದು ಸ್ಪಷ್ಟ. ಆದರೆ ಶಿಡ್ಲಘಟ್ಟದಂತಹ ಊರಿನಲ್ಲಿ ಇದರ ಫಲವೇನೆಂಬುದನ್ನೂ ನೋಡಬೇಕು: ಬಿ.ಎ. ವಿದ್ಯಾರ್ಥಿಗೆ ಬರೆದುಕೊಡಲು ಪಿ.ಯು.ಸಿ. ಹುಡುಗರನ್ನೇ ಹುಡುಕಬೇಕು, ಅವರಿಗೂ ತರಗತಿ, ಪರೀಕ್ಷೆಗಳಿರುತ್ತವೆ, ರೇಷ್ಮೆಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಮನೆಕೆಲಸ ಇವನ್ನು ಬಿಟ್ಟು ದಿನಗಟ್ಟಲೆ ಬರುವವರು ಸುಲಭವಾಗಿ ಸಿಕ್ಕರು, ಸಿಕ್ಕವರಿಗೆ ವಿಷಯದ ಪರಿಭಾಷೆ ತಿಳಿಯದು. ಮಹಾನಗರದಲ್ಲಿ ಸ್ವಯಂಸೇವಕರ ಪಟ್ಟಿಗಳನ್ನಿಟ್ಟುಕೊಂಡ ಸಂಸ್ಥೆಗಳಿವೆ. ತಾಲ್ಲೂಕು ಕೇಂದ್ರದಲ್ಲಿ ಆ ಪಟ್ಟಿಯನ್ನು ಕಾಲೇಜೇ ಸಿದ್ಧಪಡಿಸದಿದ್ದರೆ ವಿದ್ಯಾರ್ಥಿ ನೆಂಟರಿಷ್ಟರ ಮನೆಬಾಗಿಲಿಗೆ ಅಲೆಯಬೇಕಾಗುತ್ತದೆ. ಓದಬೇಕಾದ ವಾರದಲ್ಲಿ ಅವನು ಅಲೆಯುತ್ತಾನೆ.

2021ರ ಫೆಬ್ರುವರಿ 11ರಂದು ಸರ್ವೋಚ್ಚ ನ್ಯಾಯಾಲಯವು ವಿಕಾಸ್ ಕುಮಾರ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು ಇಲ್ಲಿ ಸ್ಮರಣಾರ್ಹವಾದುದು. ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ ನೂರಕ್ಕೆ 40ರ ಮಿತಿ ಮುಟ್ಟಲಿಲ್ಲವೆಂದು ಸ್ಕ್ರೈಬನ್ನು ನಿರಾಕರಿಸುವುದು ಸಲ್ಲದೆಂದು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರಿದ್ದ ಪೀಠ ಹೇಳಿತು. ಮೀಸಲಾತಿಗೆ ಬೇಕಾದ ಮಿತಿ ಬೇರೆ, ಸೌಕರ್ಯಕ್ಕೆ ಬೇಕಾದ ಅಗತ್ಯ ಬೇರೆ ಎಂಬ ವಿವೇಕ ಅದರಲ್ಲಿದೆ. ಅದನ್ನನುಸರಿಸಿ 2022ರ ಆಗಸ್ಟಿನಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಟಿತು. ಹೀಗಿದ್ದೂ, ‘40 ಪರ್ಸೆಂಟ್ ಇಲ್ಲವಲ್ಲಪ್ಪ’ ಎಂದು ಅರ್ಜಿಯನ್ನು ಹಿಂದಕ್ಕೆ ಕೊಟ್ಟ ಕಚೇರಿಯ ಮೇಜನ್ನು ನಾನು ಕಂಡಿದ್ದೇನೆ. ಆ ಗುಮಾಸ್ತರಿಗೆ ಸುತ್ತೋಲೆ ತಲಪಿರಲಿಲ್ಲ; ಹುಡುಗನಿಗೆ ಒಂದು ಸೆಮಿಸ್ಟರ್ ಹೋಯಿತು.

ಇನ್ನೊಂದು ವಿಘ್ನ ಬಹುಜನರ ಕಣ್ಣಿಗೆ ಬೀಳದೆ ನಡೆದಿದೆ. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಮುಂತಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ, ಕನ್ನಡವನ್ನೂ ಓದಬಲ್ಲವು. ಸರ್ಕಾರ ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪನ್ನೂ ಕೊಟ್ಟಿದೆ. ಅಧ್ಯಾಪಕರು ಸದ್ಭಾವದಿಂದ ಕಳುಹಿಸಿದ ಟಿಪ್ಪಣಿಯನ್ನು ತೆರೆದರೆ ಮಾತ್ರ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಆ ಟಿಪ್ಪಣಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದುದೇ ಇದಕ್ಕೆ ಕಾರಣ. ಕಣ್ಣಿಗೆ ಕನ್ನಡವಾಗಿ ತೋರುವುದು ಗಣಕದ ಒಳಗೆ ಇಂಗ್ಲಿಷಿನ ಸಂಕೇತಗಳಾಗಿ ಕುಳಿತಿರುತ್ತದೆ. ಯೂನಿಕೋಡಿನಲ್ಲಿ ಬೆರಳಚ್ಚುಮಾಡಿದ್ದರೆ, ಇಲ್ಲವೇ ಪರಿವರ್ತಕದಲ್ಲಿ ಒಮ್ಮೆ ಹಾಯಿಸಿದ್ದರೆ, ಅದೇ ಪಾಠ ಆ ವಿದ್ಯಾರ್ಥಿಗೆ ಸ್ಫುಟವಾಗಿ ಕೇಳುತ್ತಿತ್ತು. ಇದಕ್ಕೆ ಅನುದಾನ ಬೇಡ, ಕಟ್ಟಡ ಬೇಡ, ಯಾರ ಮಂಜೂರಾತಿಯೂ ಬೇಡ. ಎಲ್ಲ ಸೌಕರ್ಯಗಳಲ್ಲಿ ಅತ್ಯಂತ ಸುಲಭವಾದದ್ದು ಅತ್ಯಂತ ತಡವಾಗಿ ಬರುತ್ತಿರುವುದನ್ನು ಕಂಡು ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಕಿವಿ ಕೇಳದವರ ವಿಷಯದಲ್ಲಿ ನಮ್ಮ ಕಾಲೇಜುಗಳು ಮಾಡಿರುವುದು ಅತ್ಯಲ್ಪ. ಮೈಸೂರಿನಲ್ಲಿ 1965ರಿಂದ ವಾಕ್‌ಶ್ರವಣ ಸಂಸ್ಥೆಯಿದೆ, ಅಲ್ಲಿಯೇ 1991ರಿಂದ ಜೆ.ಎಸ್.ಎಸ್. ಸಂಸ್ಥೆಯು ವಿಕಲಚೇತನರಿಗಾಗಿಯೇ ಪಾಲಿಟೆಕ್ನಿಕ್ಕನ್ನು ನಡೆಸುತ್ತಿದೆ. ಅಲ್ಲಿಗೆ ಹೋಗಬಲ್ಲವರು ಹೋದರು. ಇಲ್ಲಿ ಉಳಿದವರು ಮುಂದಿನ ಬೆಂಚಿನಲ್ಲಿ ಕುಳಿತು ಅಧ್ಯಾಪಕರ ತುಟಿಗಳನ್ನು ನೋಡುತ್ತಾರೆ. ಅವರು ಕಪ್ಪುಹಲಗೆಯ ಕಡೆ ತಿರುಗಿದೊಡನೆ ಪಾಠ ನಿಂತುಹೋಗುತ್ತದೆ. ಸಂಜ್ಞಾಭಾಷೆಯನ್ನು ಬಲ್ಲ ದುಭಾಷಿಗಳನ್ನು ನಮ್ಮ ನಾಲ್ಕು ಪೇಟೆಗಳಲ್ಲಿ ಯಾವ ತರಗತಿಯಲ್ಲಿಯೂ ನಾನು ಕಾಣಲಿಲ್ಲ.

ಕಟ್ಟಡಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಾಲೇಜುಗಳ ಗುಣಮಟ್ಟವನ್ನಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ರ‍್ಯಾಂಪು, ಶೌಚಾಲಯ, ಸ್ಕ್ರೈಬ್ ಸೌಲಭ್ಯ, ಓದುವ ತಂತ್ರಾಂಶ ಇವನ್ನು ಕೇಳತೊಡಗಿದ ಮೇಲೆ ಮುಂಬಾಗಿಲಿನಲ್ಲಿ ರ‍್ಯಾಂಪುಗಳು ಕಾಣಿಸಿಕೊಂಡವು, ಅದು ಒಳ್ಳೆಯದೇ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದವಿರಬೇಕಾದ ಇಳಿಜಾರು ಸ್ಥಳದ ಅಭಾವದಿಂದ ಐದಾರು ಅಡಿಗೆ ಮುಗಿದಿರುವುದೂ ಉಂಟು. ಗಾಲಿಕುರ್ಚಿಯವರು ಅದನ್ನು ಒಬ್ಬರೇ ಏರಲಾರರು. ಶೌಚಾಲಯಕ್ಕೆ ಹೋಗುವ ದಾರಿಯ ಎರಡು ಮೆಟ್ಟಿಲುಗಳು ಹಾಗೆಯೇ ಉಳಿದಿದ್ದರೆ, ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿಯದೆ ತರಗತಿಯಲ್ಲಿ ಕುಳಿತಿರುತ್ತಾರೆ. ಈ ಮಾತನ್ನು ಅವರು ಪ್ರಾಂಶುಪಾಲರಲ್ಲಿ ಹೋಗಿ ಹೇಳಲಾರರು. ಆದಕಾರಣ ಕೇಳುವ ಹೊಣೆ ಸಂಸ್ಥೆಯದಾಗಬೇಕು.

2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯ ಕೋಲಾರದ ಟಮಕದಲ್ಲಿ ಕಾರ್ಯಾರಂಭ ಮಾಡಿದ ಮೇಲೆ ನಮ್ಮ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು; ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯಲ್ಲಿ ಅದರ ಹೊಸ ಆವರಣಕ್ಕೆ ಸ್ಥಳ ನಿಗದಿಯಾಯಿತು. ಮೊಟ್ಟಮೊದಲ ಬಾರಿಗೆ ವಿಶ್ವವಿದ್ಯಾನಿಲಯವೇ ನಮ್ಮ ನಾಲ್ಕು ಪೇಟೆಗಳ ನಡುವೆ ಬಂದು ನೆಲೆಸುವ ಸಂದರ್ಭವಿದು. ಕಲ್ಲುಕಟ್ಟಡ ಎದ್ದಮೇಲೆ ರ‍್ಯಾಂಪು ಹಚ್ಚುವುದಕ್ಕಿಂತ ನಕ್ಷೆಯಲ್ಲಿಯೇ ಅದನ್ನು ಎಳೆಯುವುದು ಸುಲಭ. ಪ್ರವೇಶದ ಅರ್ಜಿಯಲ್ಲಿಯೇ ‘ನಿಮಗೆ ಯಾವ ಸೌಕರ್ಯ ಬೇಕು’ ಎಂಬ ಒಂದು ಕಾಲಂ ಇರಿಸಿ, ಆ ಉತ್ತರವನ್ನು ತರಗತಿಯ ಅಧ್ಯಾಪಕರಿಗೂ ಪರೀಕ್ಷಾ ವಿಭಾಗಕ್ಕೂ ಗ್ರಂಥಾಲಯಕ್ಕೂ ಒಮ್ಮೆಲೇ ಕಳುಹಿಸಿದರೆ, ವಿದ್ಯಾರ್ಥಿ ಸೆಮಿಸ್ಟರ್‌ಗೊಮ್ಮೆ ಹೊಸದಾಗಿ ಅರ್ಜಿ ಹಿಡಿದು ನಿಲ್ಲುವುದು ತಪ್ಪುತ್ತದೆ. 2016ರ ಅಧಿನಿಯಮ ಪ್ರತಿ ಸಂಸ್ಥೆಯಿಂದಲೂ ಸಮಾನ ಅವಕಾಶದ ನೀತಿಪತ್ರವನ್ನು ಬಯಸುತ್ತದೆ. ಅದನ್ನು ಕನ್ನಡದಲ್ಲಿ ಬರೆದು, ಹೊಣೆ ಹೊತ್ತ ಅಧ್ಯಾಪಕರ ಹೆಸರಿನೊಂದಿಗೆ ನೋಟಿಸ್ ಬೋರ್ಡಿಗೆ ಹಚ್ಚುವುದು ಪ್ರಾಂಶುಪಾಲರಿಗೆ ಒಂದು ದಿನದ ಕೆಲಸ.

ಪರೀಕ್ಷೆಯ ವೇಳಾಪಟ್ಟಿಯನ್ನು ಕುರಿತು ಒಂದು ಮಾತು ಉಳಿದಿದೆ. ಮಧ್ಯಾಹ್ನ 2 ಗಂಟೆಗೆ ಮೊದಲಾಗುವ ಮೂರು ಗಂಟೆಗಳ ಪತ್ರಿಕೆ ಇತರರಿಗೆ 5ಕ್ಕೆ ಮುಗಿದರೆ, ಸ್ಕ್ರೈಬ್ ಪಡೆದವನಿಗೆ 6ಕ್ಕೆ ಮುಗಿಯುತ್ತದೆ. ಚಿಂತಾಮಣಿಯ ಬಸ್ ನಿಲ್ದಾಣದಿಂದ ಒಳಹಳ್ಳಿಗಳಿಗೆ ಹೋಗುವ ಬಸ್ಸುಗಳು ಎಣಿಕೆಯವು. ಅಂಧರಿಗೆ ಉಚಿತ ಪಾಸು, ಇತರ ವಿಕಲಚೇತನರಿಗೆ 100 ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಪಾಸು ಕೈಯಲ್ಲಿದ್ದರೂ ಬಸ್ಸೇ ಇಲ್ಲದ ಮೇಲೆ ಪಾಸಿನಿಂದ ಪ್ರಯೋಜನವಿಲ್ಲ. ‘ಸಾರ್, ಅರ್ಧ ಗಂಟೆ ಮುಂಚೆ ಪೇಪರ್ ಕೊಟ್ಟು ಹೋಗ್ತೀನಿ, ನಮ್ಮೂರ ಬಸ್ಸು ತಪ್ಪಿದರೆ ಈ ಹುಡುಗೀನ ಮನೆಗೆ ಯಾರು ಬಿಡ್ತಾರೆ?’ ಎಂದು ತನ್ನ ಸ್ಕ್ರೈಬನ್ನು ತೋರಿಸಿ ಕೇಳಿದ ವಿದ್ಯಾರ್ಥಿಗೆ ನಾನು ಕೊಡಬಹುದಾಗಿದ್ದ ಉತ್ತರ ಯಾವುದೂ ಇರಲಿಲ್ಲ. ಶಾಸನ ಕೊಟ್ಟ ಒಂದು ಗಂಟೆಯಲ್ಲಿ ಅರ್ಧವನ್ನು ಬಿಟ್ಟು ಅವನು ಎದ್ದುಹೋದನು. ಇಂತಹ ವಿದ್ಯಾರ್ಥಿಗಳು ನೋಂದಾಯಿಸಿಕೊಂಡಿರುವ ಪತ್ರಿಕೆಗಳನ್ನು ಬೆಳಗಿನ ಅವಧಿಗೆ ಹಾಕಿದರೆ ಅವರ ಹೆಚ್ಚಿನ ಕಾಲ ಹಗಲಿನಲ್ಲಿಯೇ ಮುಗಿದು, ಮಧ್ಯಾಹ್ನದ ಬಸ್ಸುಗಳು ಅವರಿಗೆ ದೊರೆಯುತ್ತವೆ. ವೇಳಾಪಟ್ಟಿ ಕುಲಸಚಿವರ ಮೌಲ್ಯಮಾಪನ ವಿಭಾಗದಲ್ಲಿ ಸಿದ್ಧವಾಗುತ್ತದೆ. ಯಾವ ಕಾಲೇಜಿನಲ್ಲಿ ಯಾವ ವಿಷಯಕ್ಕೆ ಇಂತಹ ಅಭ್ಯರ್ಥಿಗಳಿದ್ದಾರೆಂಬ ಪಟ್ಟಿಯನ್ನು ಪರೀಕ್ಷಾಶುಲ್ಕ ಕಟ್ಟಿಸಿಕೊಳ್ಳುವ ವಾರದಲ್ಲಿಯೇ ಅಲ್ಲಿಗೆ ಕಳುಹಿಸಿಕೊಡುವುದು ನಾಲ್ಕು ಪೇಟೆಗಳ ಪ್ರಾಂಶುಪಾಲರೂ ಮುಂದಿನ ಸೆಮಿಸ್ಟರಿನಿಂದಲೇ ಮಾಡಬಹುದಾದ ಕಾರ್ಯ.